ಅಕ್ಕನಿಗೆ, ಮತ್ತೆ ಉಳಿದ ಎಲ್ಲರಿಗೂ

ಕಷ್ಟದಲ್ಲಿರುವವರ ಮನೆ ಭೇಟಿಗೆ ಹೋಗಲು ಶುರು ಮಾಡಿ ಈ ವಾರಕ್ಕೆ ಐದು ವರ್ಷ. ಒಂದು ವರ್ಷ ನೋಡೋಣ ಅಂತ ಹೆಸರು ಕೊಟ್ಟವಳು ನಾನು. ಮಧ್ಯದಲ್ಲಿ ಒಮ್ಮೆ ಬಿಟ್ಟೇಬಿಟ್ಟಿದ್ದೆ ಅನ್ನುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮತ್ತೆ ಹೇಗೆ ಬಂದೆ ಅನ್ನುವುದು ಯಾರಿಗೂ ಗೊತ್ತಿಲ್ಲ.

ಸಾಮಾನು ಕಟ್ಟಿಕೊಟ್ಟವರು, ಗಾಡಿ ಕೊಟ್ಟವರು, ಅರ್ಜಿ ತುಂಬುವುದು ಕಲಿಸಿದವರು, ಮಂಗಳವಾರ ಸಂಜೆ ಇವಳು ಸಿಗಲ್ಲ ಅಂತ ಒಪ್ಪಿಕೊಂಡ ನನ್ನ ಮನೆಯವರು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಿನಲ್ಲಿ ಮುಗಿಸಿದಳು ಅಂತ ಬೇಜಾರಾಗಬೇಡಿ. ಉಳಿದ ಜಾಗ ಅಕ್ಕನಿಗೆ ಬೇಕು.

ಅಕ್ಕ ಅಂದರೆ ನನ್ನ ಜೋಡಿ. ನಮ್ಮಲ್ಲಿ ಒಬ್ಬರೇ ಯಾರ ಮನೆಗೂ ಹೋಗುವಂತಿಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜನಾಂ ಮತ್ತು ಕೆಲವು ವಿದ್ಯಾರ್ಥಿಗಳು ಬಡವರ ಮನೆಗೆ ಹೋಗಲು ಶುರು ಮಾಡಿದ ಕತೆಯನ್ನು ತರಬೇತಿಯಲ್ಲಿ ಹೇಳಿದ್ದರು. ಆಗ ಓಜನಾಂಗೆ 20 ವರ್ಷ. ನನಗೆ ಜಾಸ್ತಿ ನೆನಪಿರುವುದು ಆ ಹುಡುಗರಲ್ಲ, ಅವರಿಗೆ ದಾರಿ ತೋರಿಸಿದ ಸಿಸ್ಟರ್ ರೊಸಾಲಿ ರೆಂಡು. ನನಗೂ ಅಂಥವರೊಬ್ಬರು ಸಿಕ್ಕಿದ್ದರಲ್ಲ.

ಬಾಗಿಲಲ್ಲೇ ನಿಂತು ಮಾತಾಡಬೇಡ, ಕೂತ್ಕೋ. ಮನೆಯೊಳಗೆಲ್ಲ ಕಣ್ಣು ಓಡಿಸಬೇಡ. ಅವರೆದುರು ಬರೆದುಕೊಳ್ಳಬೇಡ, ಹೊರಗೆ ಬಂದ ಮೇಲೆ ಬರೆ. ಈ ಮನೆಯ ಮಾತು ಆ ಮನೆಗೆ ಹೋಗಬಾರದು. ಸುಮ್ಮಸುಮ್ಮನೆ ದಿನ ಹೇಳಬೇಡ, ಹೇಳಿದರೆ ಹೋಗು. ಇವೆಲ್ಲ ಅಕ್ಕ ನಡೆಯುತ್ತಾ ಹೇಳಿಕೊಟ್ಟದ್ದು.

ಕೊನೆಯದನ್ನೇ ನಾನು ಮುರಿದೆ. ನಾವು ಹೋಗುತ್ತಿದ್ದ ಒಂದು ಮನೆಯ ಅಜ್ಜನ ಕನ್ನಡಕ ರಿಪೇರಿಗೆ ತಂದಿದ್ದೆ. ಗುರುವಾರ ತರ್ತೀನಿ ಅಂದಿದ್ದೆ. ಹೋಗಲಿಲ್ಲ. ದೊಡ್ಡ ಕಾರಣ ಏನಿಲ್ಲ, ಸುಮ್ನೆ ಸುಸ್ತು. ಶುಕ್ರವಾರ ರಾತ್ರಿಯದು ನಿಮಗೆ ಗೊತ್ತು. ಮತ್ತೆ ಬರೆಯಲಾರೆ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬೆಳಗಾಗುವವರೆಗೂ ಅಕ್ಕ ನನ್ನ ಪಕ್ಕ ಕೂತಿದ್ದರು. ಫೋನ್ ಮಾಡಿದವರೆಲ್ಲ "ನಿನ್ನ ತಪ್ಪಲ್ಲ" ಅನ್ನುತ್ತಿದ್ದರು. ಗುರುವಾರ ಹೋಗಿದ್ದರೆ ಅಂತ ಅಕ್ಕನನ್ನು ಕೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಜ್ಜ ಉಳೀತಿದ್ರೋ ಇಲ್ವೋ ನಂಗೊತ್ತಿಲ್ಲ. ಆದ್ರೆ ನೀನು ಹೋಗ್ಬೇಕಿತ್ತು ಕಣೇ" ಅಂದರು.

ಎಂಥ ಸಿಟ್ಟು ಬಂತು ಅಂದರೆ, ಏನೇನೋ ಅಂದುಬಿಟ್ಟೆ. ಇಲ್ಲಿ ಬರೆಯುವಂಥದ್ದಲ್ಲ. ಅಕ್ಕ ಎದ್ದು ಹೋಗಲಿಲ್ಲ. ನನ್ನ ಬ್ಯಾಗಿನಿಂದ ಆ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಡಬ್ಬಿಯಲ್ಲಿಟ್ಟು ಅಲ್ಲೇ ಕೂತರು. ಆ ರಾತ್ರಿ ನನ್ನನ್ನು ಸಮಾಧಾನ ಮಾಡಲು ಹೋಗದವರು ಅವರೊಬ್ಬರೇ. ಬೆಳಗಿನವರೆಗೆ ಉಳಿದವರೂ ಅವರೊಬ್ಬರೇ.

ಆಮೇಲೆ ಎರಡು ತಿಂಗಳು ನಾನು ಯಾರ ಮನೆಗೂ ಹೋಗಲಿಲ್ಲ. ಬಾ ಅಂತ ಅಕ್ಕ ಒಮ್ಮೆಯೂ ಕರೆಯಲಿಲ್ಲ. ಪ್ರತಿ ಸೋಮವಾರ ಒಂದು ಮೆಸೇಜ್ ಬರುತ್ತಿತ್ತು: "ನಾಳೆ ಮೂರು ಮನೆ." ಅಷ್ಟೇ. ಒಂಬತ್ತನೇ ಸೋಮವಾರ "ಎಷ್ಟು ಗಂಟೆಗೆ?" ಅಂತ ಕೇಳಿದೆ. "ಐದು" ಅಂತ ಉತ್ತರ ಬಂತು. ಬೇರೆ ಏನೂ ಇಲ್ಲ.

ಈಗ ಅಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಮುಂದಿನ ವಾರದಿಂದ ನನ್ನ ಜೊತೆ ಹೊಸ ಹುಡುಗನೊಬ್ಬ ಬರುತ್ತಾನೆ. ತುಂಬ ಮಾತಾಡುತ್ತಾನೆ. ನಾನೂ ಹಾಗೇ ಇದ್ದೆ, ಅಲ್ವಾ ಅಕ್ಕಾ?

ನಿಮ್ಮ ಕೊಡೆ ನನ್ನ ಹತ್ತಿರವೇ ಉಳಿದಿದೆ. ಗುರುವಾರ ಸಂಜೆ ತಂದುಕೊಡುತ್ತೇನೆ. ಗುರುವಾರವೇ.