ಮಗಳಿಗೊಂದು ಪತ್ರ: ಪಿ.ಪಿ. ನಂಬರ್ ಇದ್ದ ಕಾಲ

ಪ್ರೀತಿಯ ಪುಟ್ಟಿ,

ನಮ್ಮ ಮದುವೆ ಕರೆಯೋಲೆಯ ಫೋಟೋ ಗ್ರೂಪಿಗೆ ಹಾಕಿದ್ದೆನಲ್ಲ, ಅದರಲ್ಲಿ ಫೋನ್ ನಂಬರಿನ ಪಕ್ಕ "ಪಿ.ಪಿ." ಅಂತ ಯಾಕಿದೆ ಎಂದು ಕೇಳಿದ್ದೆ. ಅಷ್ಟರಲ್ಲಿ ನಿನಗೆ ಮೀಟಿಂಗ್ ಶುರುವಾಯಿತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಆ ನಂಬರ್ ನಮ್ಮದಲ್ಲ, ಪಕ್ಕದ ಮನೆ ದೊಡ್ಡಮ್ಮನದು. ಫೋನ್ ಮಾಡಿದರೆ ಅವರು ನಮ್ಮನ್ನು ಕರೆದು ಕೊಡುತ್ತಾರೆ ಅಂತ ಲೆಕ್ಕ. ಅವರ ಜಗಲಿಯ ಮೂಲೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗೆ ಫೋನ್ ಇರುತ್ತಿತ್ತು. ಡಯಲ್‌ಗೆ ಪುಟ್ಟದೊಂದು ಬೀಗ. ನಮಗೆ ಫೋನ್ ಬಂದರೆ "ಹತ್ತು ನಿಮಿಷ ಬಿಟ್ಟು ಮಾಡಿ" ಎಂದು ಇಟ್ಟು, ಬೇಲಿ ಹತ್ತಿರ ಬಂದು ಕೂಗುತ್ತಿದ್ದರು. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಓಡುತ್ತಿದ್ದೆ. ಮಾತು ಮುಗಿಸಿ ತಿರುಗಿದರೆ ಆ ಮನೆಯ ಅಷ್ಟೂ ಜನ ಅಲ್ಲೇ. "ತವರಲ್ಲಿ ಎಲ್ಲ ಆರಾಮಾ?" ಅಂತ ಕೇಳಿ, ಕಾಫಿ ಕುಡಿಸಿಯೇ ಕಳಿಸುವುದು.

ಹಳ್ಳಿಗೆ ಅಷ್ಟಾದರೂ ಫೋನ್ ಬಂದದ್ದು ದೊಡ್ಡ ಮಾತೇ. 1984ರಲ್ಲಿ ಶುರುವಾದ ಸಿ-ಡಾಟ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯವರು ಹಳ್ಳಿಗಳಿಗೆಂದೇ ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿದರು. ಧೂಳು, ಸೆಕೆ ತಡೆದುಕೊಳ್ಳುವಂಥದ್ದು, ಎಸಿ ಕೋಣೆ ಬೇಡ. ಅದನ್ನು ಮೊದಲು ಹಾಕಿದ್ದು 1986ರಲ್ಲಿ, ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. ಆಮೇಲೆ ಎಲ್ಲ ಕಡೆ ಎಸ್‌ಟಿಡಿ ಬೂತ್‌ಗಳಾದವು. ರಾತ್ರಿ ದರ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಊಟ ಮುಗಿಸಿ ಹೋಗಿ ಸಾಲು ನಿಲ್ಲುತ್ತಿದ್ದರು ಜನ.

ಆ ಕಾಲವೇ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ ಮಗಳೇ. ಹೊಸದಾಗಿ ಮದುವೆಯಾದವಳು ನಾನು. ಅಮ್ಮನ ಹತ್ತಿರ ಹೇಳಿಕೊಳ್ಳುವುದು ಬೇಕಾದಷ್ಟಿತ್ತು. ಸುತ್ತ ಅಷ್ಟು ಕಿವಿ ಇರುವಾಗ ಬಾಯಿಗೆ ಬರುತ್ತಿದ್ದದ್ದು "ಆರಾಮಿದ್ದೇನೆ" ಅನ್ನೋದೊಂದೇ. ಇನ್‌ಲ್ಯಾಂಡ್ ಲೆಟರ್ ಬರೆಯೋಣವೆಂದರೆ ಅದನ್ನು ಪೋಸ್ಟಿಗೆ ಹಾಕುವವರು ಬೇರೆಯವರು. ಅಮ್ಮನ ಉತ್ತರ ಬಂದರೆ ಒಡೆದು ಓದುವವರೂ ಬೇರೆಯವರು. ಮನಸ್ಸಿನದ್ದನ್ನು ಹೇಳಲು ದೀಪಾವಳಿಗೆ ತವರಿಗೆ ಹೋಗುವವರೆಗೆ ಕಾಯಬೇಕಿತ್ತು. ನೀನು ಕೋಣೆ ಬಾಗಿಲು ಹಾಕಿಕೊಂಡು ನನ್ನ ಹತ್ತಿರ ಅಳಬಹುದು, ಗಂಡನ ಮೇಲಿನ ಸಿಟ್ಟು ಹೇಳಬಹುದು. ದೂರ ಇರುವ ಹೆಣ್ಣುಮಕ್ಕಳಿಗೆ ಇದು ಎಂಥ ಧೈರ್ಯ ಗೊತ್ತಾ? ಇದನ್ನು ಬಿಟ್ಟುಕೊಡು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಮಲೆನಾಡಿನವರು ಫೋನ್ ಬೇಡ ಅನ್ನುವಂತೆಯೂ ಇಲ್ಲ. 2021ರಲ್ಲಿ ಸುಳ್ಯದ ಕಡೆ ಒಬ್ಬ ಹುಡುಗಿ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಳು, ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಫೋಟೋ ನೀನೇ ಕಳಿಸಿದ್ದೆ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ಮಕ್ಕಳು ನಮ್ಮೂರಲ್ಲೂ ಇದ್ದರು.

ನನಗೆ ಕೊರಗು ಬೇರೆ. ಆಗ ಸುದ್ದಿ ಬಂದರೆ ಮನೆಗೆ ಬರುತ್ತಿತ್ತು. ಈಗ ಒಬ್ಬರಿಗೆ ಬರುತ್ತದೆ. ನಿನಗೆ ಜ್ವರ ಬಂದು ಹೋದದ್ದು ನನಗೆ ಗೊತ್ತಿತ್ತು. ಅಜ್ಜಿಗೆ ಗೊತ್ತಾಗಿದ್ದು ವಾರ ಕಳೆದ ಮೇಲೆ. "ನಾನು ಈ ಮನೆಯಲ್ಲಿ ಇಲ್ವಾ?" ಅಂತ ಮುನಿಸಿಕೊಂಡು ಆ ದಿನ ಮಧ್ಯಾಹ್ನ ಊಟಕ್ಕೇ ಏಳಲಿಲ್ಲ. ಗ್ರೂಪಿನಲ್ಲಿ ಹಾಕಿದರೆ ಹೇಳಿದ ಹಾಗಾಯಿತು ಅಂದುಕೊಳ್ಳುತ್ತೇವೆ. ಅಜ್ಜಿ ಗ್ರೂಪಿನಲ್ಲಿ ಇಲ್ಲ. ಅಪ್ಪ ಇದ್ದಾರೆ, ಓದುವುದಿಲ್ಲ. ನೀನು ಫೋನ್ ಮಾಡಿದಾಗ ಅವರು ಪೇಪರ್ ಓದುವ ಹಾಗೆ ಕೂತಿರುತ್ತಾರೆ. ಕಿವಿ ಮಾತ್ರ ಇತ್ತಲೇ ಇರುತ್ತದೆ. ಸ್ಪೀಕರ್ ಹಾಕಲಾ ಅಂತ ನಾನು ಕೇಳಿದರೆ ಬೇಡ ಅನ್ನಬೇಡ. ಗುಟ್ಟಿನ ಮಾತಿದ್ದರೆ ಬೇರೆ ಹೊತ್ತಿಗೆ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ.

ಇನ್ನೊಂದು ಕೆಲಸ ಆಗಬೇಕು. ಪಕ್ಕದ ಮನೆ ದೊಡ್ಡಮ್ಮ ಈಗ ಒಬ್ಬರೇ. ಮಗ ಅಮೆರಿಕದಲ್ಲಿ. ಜಗಲಿಯ ಫೋನ್ ತೆಗೆಸಿ ಎಷ್ಟೋ ಕಾಲವಾಯಿತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಆ ಮನೆ ಮೆಟ್ಟಿಲು ಹತ್ತುವವರೇ ಕಡಿಮೆ. ನೀನು ಹುಟ್ಟಿದ ದಿನ ನಿನ್ನ ಸೋದರಮಾವ ಆಸ್ಪತ್ರೆಯಿಂದ ಫೋನ್ ಮಾಡಿದ್ದು ಅವರ ಮನೆಗೇ. ಅಪ್ಪ ತೋಟದಲ್ಲಿದ್ದರು. ದೊಡ್ಡಮ್ಮ ಮಳೆಯಲ್ಲಿ ಕೊಡೆಯನ್ನೂ ಹಿಡಿಯದೆ ತೋಟಕ್ಕೆ ಇಳಿದು ಹೋಗಿ ಹೇಳಿದರಂತೆ. ನಿನ್ನ ಸುದ್ದಿಯನ್ನು ಈ ಊರಿಗೆ ತಂದವರು ಅವರು. ಅವರಿಗೊಂದು ಫೋನ್ ಮಾಡು. ನಂಬರನ್ನು ಬೇರೆಯಾಗಿ ಕಳಿಸುತ್ತೇನೆ. ಸಂಜೆ ಕೊಟ್ಟಿಗೆ ಕೆಲಸ ಇರುತ್ತದೆ, ದೀಪ ಹಚ್ಚಿದ ಮೇಲೆ ಮಾಡು. ಕಿವಿ ಸ್ವಲ್ಪ ಮಂದ, ಜೋರಾಗಿ ಮಾತಾಡು. ಮೊದಲು ನಿನ್ನ ಹೆಸರು ಹೇಳು, ಇಲ್ಲದಿದ್ದರೆ ಕಂಪನಿಯವರ ಫೋನ್ ಅಂದುಕೊಂಡು ಇಟ್ಟುಬಿಡುತ್ತಾರೆ.

ಇಂತಿ ನಿನ್ನ,
ಅಮ್ಮ