ಟಿ.ವಿ.ಯ ಕುತ್ತಿಗೆ ಮುರಿಯುವ ಮುನ್ನ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಹಾಸನ ಪುಟದಲ್ಲಿ ಇ-ತ್ಯಾಜ್ಯ ಸಂಗ್ರಹ ಅಭಿಯಾನದ ಚಿತ್ರವೊಂದು ಬಂದಿತ್ತು. ಟ್ರ್ಯಾಕ್ಟರ್ ಟ್ರೈಲರ್ ತುಂಬ ಪಿಕ್ಚರ್ ಟ್ಯೂಬ್ ಟಿ.ವಿ.ಗಳು, ಪಕ್ಕದಲ್ಲಿ ಹಾರ ಹಾಕಿಸಿಕೊಂಡ ಗಣ್ಯರು. ಕನ್ನಡಕ ಏರಿಸಿಕೊಂಡು ಎಣಿಸಿದೆ. ಕಣ್ಣಿಗೆ ಕಂಡವೇ ಹತ್ತೊಂಬತ್ತು. ಅವುಗಳಲ್ಲಿ ಏಳಕ್ಕೆ ಹಿಂಬದಿಯ ಮುಚ್ಚಳವಿರಲಿಲ್ಲ, ಟ್ಯೂಬಿನ ಕುತ್ತಿಗೆ ಮುರಿದಿತ್ತು. ಆ ಕುತ್ತಿಗೆಗೆ ಸುತ್ತಿದ ಯೋಕ್ ಎಂಬ ಸುರುಳಿಯ ತಾಮ್ರಕ್ಕೆ ಕೈ ಹಾಕುವವರು ಮೊದಲು ಮುರಿಯುವುದು ಅದನ್ನೇ. ಚಿತ್ರದಲ್ಲಿದ್ದವರೆಲ್ಲ ನಗುತ್ತಿದ್ದರು. ಸಂತೆಪೇಟೆಯ ಓಣಿಯೊಂದರಲ್ಲಿ ಮೂವತ್ತೆರಡು ವರ್ಷ ಟಿ.ವಿ. ರಿಪೇರಿ ಮಾಡಿದ ನನಗೆ ನಗು ಬರಲಿಲ್ಲ.

ಸಂಗ್ರಹಿಸುವುದು ತಪ್ಪೆಂದು ಹೇಳುತ್ತಿಲ್ಲ. ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಅದು ಕೆರೆ ಏರಿಯ ಮೇಲೆ ಚೂರುಚೂರಾಗಿ ಬಿದ್ದಿರುವುದಕ್ಕಿಂತ ನೋಂದಾಯಿತ ಘಟಕಕ್ಕೆ ಹೋಗುವುದೇ ಸರಿ. ನನ್ನ ಬೇಡಿಕೆ ಚಿಕ್ಕದು. ಇನ್ನೂ ಬೆಳಗುವ 14 ಇಂಚಿನ, 20–21 ಇಂಚಿನ ಸೆಟ್‌ಗಳನ್ನು ಟ್ರೈಲರ್‌ಗೆ ಎಸೆಯುವ ಮೊದಲು ಬೇರೆ ಇಡಿ. ಹಳೆಯ ವಿಡಿಯೊ ಗೇಮ್‌ಗಳನ್ನೂ ಹಳೆಯ ಮನೆ ಕಂಪ್ಯೂಟರ್‌ಗಳನ್ನೂ ಕೂಡಿಡುವ ನಾಲ್ಕು ಜನ ಈ ಜಿಲ್ಲೆಯಲ್ಲೂ ಇದ್ದೇವೆ. ನಮಗೆ ಅವು ಬೇಕು. ಚಂದಕ್ಕಾಗಿ ಅಲ್ಲ, ಆ ಟಿ.ವಿ. ಇಲ್ಲದಿದ್ದರೆ ನಮ್ಮ ಹತ್ತಿರ ಇರುವುದು ಅರ್ಧ ಯಂತ್ರ ಮಾತ್ರ.

ಹಾಸನಾಂಬೆಯ ಬಾಗಿಲು ತೆರೆದಿದ್ದ ವಾರ ಬೆಂಗಳೂರಿನಿಂದ ದರ್ಶನಕ್ಕೆ ಬಂದ ಹುಡುಗನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಹುಡುಗ ಎಂದರೆ ನನ್ನ ಲೆಕ್ಕಕ್ಕೆ. ವಯಸ್ಸು ಮೂವತ್ತೈದು ದಾಟಿತ್ತು. ಅರಸೀಕೆರೆಯ ಅಜ್ಜಿಯ ಮನೆಯ ಅಟ್ಟದಿಂದ ಇಳಿಸಿದ ಟಿ.ವಿ. ಗೇಮ್, ಎರಡು ಕ್ಯಾಸೆಟ್, ಪರದೆಗೆ ಗುರಿ ಇಡುವ ಒಂದು ಆಟಿಕೆ ಗನ್ ಅವನ ಚೀಲದಲ್ಲಿದ್ದವು. ಜಪಾನಿನಲ್ಲಿ 1983ರಲ್ಲಿ ನಿಂಟೆಂಡೊ ಬಿಡುಗಡೆ ಮಾಡಿದ ಫ್ಯಾಮಿಲಿ ಕಂಪ್ಯೂಟರ್‌ನ ನಕಲುಗಳು ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಮನೆಮನೆಗೆ ಬಂದವಲ್ಲ, ಅಂಥದ್ದು. "ಅಂಕಲ್, ಮಾರಿಯೊ ಓಡುತ್ತಾನೆ, ಆದರೆ ಗನ್ ಸತ್ತಿದೆ. ಎಷ್ಟಾದರೂ ಆಗಲಿ, ಸರಿ ಮಾಡಿಕೊಡಿ" ಎಂದ. ಬಿಚ್ಚಿ ನೋಡಿದೆ. ಲೆನ್ಸಿನ ಧೂಳು ಒರೆಸಿದ್ದು ಬಿಟ್ಟರೆ ಮಾಡುವಂಥದ್ದು ಏನೂ ಇರಲಿಲ್ಲ. ನನ್ನ 14 ಇಂಚಿನ ಹಳೆಯ ಸೆಟ್‌ಗೆ ಜೋಡಿಸಿ, ಬಾತುಕೋಳಿ ಹೊಡೆಯುವ ಗೇಮ್ ಹಾಕಿ, ಗನ್ ಅವನ ಕೈಗೆ ಕೊಟ್ಟೆ. ಮೊದಲ ಗುಂಡಿಗೇ ಬಾತುಕೋಳಿ ಬಿತ್ತು. ಅವನು ಕೂಗಿದ ರಭಸಕ್ಕೆ ಪಕ್ಕದ ಟೈಲರ್ ಕತ್ತರಿ ಹಿಡಿದುಕೊಂಡೇ ಓಡಿಬಂದರು.

ಗನ್ ಸತ್ತಿರಲಿಲ್ಲ. ಅವನ ಮನೆಯ 43 ಇಂಚಿನ ಹೊಸ ಟಿ.ವಿ.ಗೆ ಅದರ ಭಾಷೆ ಬರುವುದಿಲ್ಲ, ಅಷ್ಟೆ. ಆ ಗನ್ನಿನಿಂದ ಏನೂ ಹೊರಡುವುದಿಲ್ಲ, ಅದೊಂದು ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಗನ್ನಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಕಳ್ಳಾಟ ನಡೆಯಬಾರದೆಂದು ನಿಂಟೆಂಡೊದ ಮೂಲ ಗನ್ನಿನಲ್ಲಿ ಇನ್ನೊಂದು ಉಪಾಯವಿದೆ: ಪಿಕ್ಚರ್ ಟ್ಯೂಬ್ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ ಎಳೆಯುವಾಗ ಮಿನುಗುವ ಬೆಳಕಿಗೆ ಮಾತ್ರ ಅದು ಓಗೊಡುತ್ತದೆ. ಬಲ್ಬಿಗೆ ಗುರಿ ಇಟ್ಟರೆ ಉಪಯೋಗವಿಲ್ಲ. ಹೊಸ ಟಿ.ವಿ. ಹಾಗೆ ಗೆರೆಗೆರೆಯಾಗಿ ಮಿನುಗುವುದಿಲ್ಲ. ಸಾಲದೆಂದು, ಬಂದ ಚಿತ್ರವನ್ನು ಒಳಗಿಟ್ಟುಕೊಂಡು ಹಿಗ್ಗಿಸಿ ತೋರಿಸುವ ಹೊತ್ತಿಗೆ ತಡವಾಗಿರುತ್ತದೆ. ಗೇಮ್ ಕಾದು ನೋಡಿ ಮುಂದೆ ಹೋಗಿರುತ್ತದೆ.

ಆ 15 ಸಾವಿರದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625. ಅಷ್ಟೇ ಕಂಪನದ ಸಣ್ಣ ಶಿಳ್ಳೆಯೊಂದು ಹಳೆಯ ಟಿ.ವಿ.ಯ ಒಳಗಿನಿಂದ ಬರುತ್ತಿರುತ್ತದೆ. ಹರೆಯದಲ್ಲಿ ನಾನು ಅಂಗಡಿಯ ಹೊರಗೆ ನಿಂತೇ ಯಾವ ಸೆಟ್ಟಿನ ಎಲ್.ಒ.ಟಿ. (ಟ್ಯೂಬಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಕೆಲಸ ಮಾಡುತ್ತಿದೆ, ಯಾವುದರದ್ದು ಸತ್ತಿದೆ ಎಂದು ಹೇಳುತ್ತಿದ್ದೆ. ಈಗ ಕೇಳಿಸುವುದಿಲ್ಲ. ವಯಸ್ಸಾದ ಕಿವಿಗೆ ಅಷ್ಟು ಕೀರಲು ಸದ್ದು ದಕ್ಕುವುದಿಲ್ಲ. ಮೊಮ್ಮಗಳು ಅಡುಗೆಮನೆಯಿಂದಲೇ "ತಾತ, ಟಿ.ವಿ. ಹಚ್ಚಿಟ್ಟು ಮರೆತಿದ್ದೀರಿ" ಎನ್ನುತ್ತಾಳೆ. ನನ್ನ ಬೆಂಚಿನ ಮೀಟರುಗಳಲ್ಲಿ ಈಗ ಅವಳೂ ಒಂದು.

ಹಳೆಯ ಯಂತ್ರವೂ ಪಿಕ್ಚರ್ ಟ್ಯೂಬೂ ಗಂಡಹೆಂಡಿರಂತೆ ಎಂದು ನನಗೆ ಅರ್ಥ ಮಾಡಿಸಿದ್ದು ಅಟಾರಿ 2600 ಎಂಬ ಗೇಮ್ ಯಂತ್ರ. ದುಬೈನಲ್ಲಿದ್ದ ಷಡ್ಡಕರು ತಂದು, ಆಡಿ ಬೇಸರವಾಗಿ, ನನ್ನ ತಲೆಗೆ ಕಟ್ಟಿದ ಪೆಟ್ಟಿಗೆ ಅದು. 1977ರ ಯಂತ್ರ. ಅದಕ್ಕಿರುವ ನೆನಪಿನ ಶಕ್ತಿ ಒಟ್ಟು 128 ಬೈಟ್. ಈಗಿನ ವೆಬ್ ಪುಟಗಳಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಹಿಡಿಯುತ್ತದೆ. ಈ ಪತ್ರದ ಒಂದು ಉದ್ದನೆಯ ವಾಕ್ಯವೂ ಅಲ್ಲಿ ಕೂರುವುದಿಲ್ಲ. ಇಡೀ ಪರದೆಯ ಚಿತ್ರವನ್ನು ಇಟ್ಟುಕೊಳ್ಳಲು ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ಟ್ಯೂಬಿನ ಕಿರಣ ಒಂದು ಗೆರೆ ಎಳೆಯುತ್ತಿರುವಾಗಲೇ ಪ್ರೋಗ್ರಾಂ ಅದರ ಜೊತೆಜೊತೆಗೆ ಓಡುತ್ತ, ಆ ಗೆರೆಯಲ್ಲಿ ಏನಿರಬೇಕೆಂದು ಹೇಳುತ್ತ ಹೋಗಬೇಕು. ಒಂದು ಗೆರೆಗೆ ಪ್ರೊಸೆಸರ್‌ನ 76 ಬಡಿತ ಮಾತ್ರ. ತಡವಾದರೆ ಚಿತ್ರ ಕೆಟ್ಟಿತು. ಯಕ್ಷಗಾನದಲ್ಲಿ ಭಾಗವತರ ತಾಳಕ್ಕೆ ವೇಷಧಾರಿ ಹೆಜ್ಜೆ ಹಾಕಿದಂತೆ. ತಾಳವನ್ನೇ ಗುಜರಿಗೆ ಹಾಕಿ ವೇಷವನ್ನು ಗಾಜಿನ ಕಪಾಟಿನಲ್ಲಿಟ್ಟರೆ ನೋಡಲು ಏನು ಉಳಿಯುತ್ತದೆ?

ನನ್ನಲ್ಲಿರುವ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರ್ ಸಕಲೇಶಪುರದ ಕಡೆಯ ಒಂದು ಎಸ್ಟೇಟಿನ ಬಂಗಲೆಯದು. 1982ರಲ್ಲಿ ಬಂದ ಮಾದರಿ, 48 ಕೆ. ನೆನಪಿನ ಶಕ್ತಿ, ರಬ್ಬರ್ ಕೀಲಿಗಳು. ಲಂಡನ್ನಿನಲ್ಲಿ ಓದುತ್ತಿದ್ದ ಮಗ ತಂದದ್ದಂತೆ. ಗೇಮ್‌ಗಳಿರುವುದು ಮಾಮೂಲಿ ಆಡಿಯೊ ಕ್ಯಾಸೆಟ್‌ನಲ್ಲಿ. ಟೇಪ್ ರೆಕಾರ್ಡರ್‌ಗೆ ಜೋಡಿಸಿ, ನಾಲ್ಕೈದು ನಿಮಿಷ ಆ ಕಿರ್ರೋ ಎಂಬ ಸದ್ದು ಸಹಿಸಿಕೊಂಡರೆ ಒಂದು ಗೇಮ್ ಒಳಗೆ ಇಳಿಯುತ್ತದೆ, ಕೆಲವೊಮ್ಮೆ ಇಳಿಯುವುದಿಲ್ಲ. ಟೇಪ್ ಓದುವ ಹೆಡ್‌ನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮೊದಲಿನಿಂದ ಶುರು. ಮಲೆನಾಡಿನ ಮಳೆಗೆ ಟೇಪಿಗೆ ಬೂಷ್ಟು ಹಿಡಿದಿತ್ತು. ಬಂಗಲೆಯ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ಅವನ್ನು ಕಾಫಿ ಕಣದಲ್ಲಿ, ಬೀಜದ ಪಕ್ಕದಲ್ಲಿ, ಬಿಸಿಲಿಗೆ ಹರವಿಸಿದ್ದರು. ಹನ್ನೊಂದು ಕ್ಯಾಸೆಟ್ ಹಪ್ಪಳದಂತೆ ಸೊಟ್ಟಗಾದವು. ಉಳಿದ ಆರನ್ನು ನಾನು ಹತ್ತಿಯಲ್ಲಿ ಒರೆಸಿ ಉಳಿಸಿಕೊಂಡಿದ್ದೇನೆ.

ಗೇಮ್ ಪೆಟ್ಟಿಗೆಗಳಿಗೇ ಬೆಲೆ, ಟಿ.ವಿ. ತೂಕದ ಸರಕು ಎಂದು ಎಲ್ಲರೂ ತಿಳಿದಿದ್ದಾರೆ. ನಾನು ತಿರುವು ಮುರುವು ಹೇಳುತ್ತೇನೆ. ಗೇಮ್ ಪೆಟ್ಟಿಗೆ ಹೋದರೆ ಅದರಂತೆಯೇ ವರ್ತಿಸುವ ಹೊಸ ಬೋರ್ಡ್ ಮಾಡುವವರಿದ್ದಾರೆ. ಕ್ಯಾಸೆಟ್ ಹೋದರೆ ನೂರು ಗೇಮ್ ಒಂದು ಮೆಮೊರಿ ಕಾರ್ಡಿನಲ್ಲಿ ಬರುತ್ತವೆ. ಟ್ಯೂಬ್ ಹೋದರೆ? ಗಾಜು ಕರಗಿಸುವ ಕುಲುಮೆ ಬೇಕು, ಗಾಳಿ ತೆಗೆಯುವ ಯಂತ್ರ ಬೇಕು, ಒಳಮೈಗೆ ಫಾಸ್ಫರ್ ಎಂಬ ಬೆಳಗುವ ಪುಡಿ ಬಳಿಯುವ ಸಾಲುಸಾಲು ವ್ಯವಸ್ಥೆ ಬೇಕು. ಅದನ್ನು ಸಂತೆಪೇಟೆಯ ಯಾವ ಬೆಂಚಿನ ಮೇಲೂ ಮಾಡಲಾಗದು. ಇವತ್ತು ಕುತ್ತಿಗೆ ಮುರಿದ ಟ್ಯೂಬ್ ಮುರಿದೇ ಹೋಯಿತು.

ಇನ್ನೊಂದು ವಿಷಯ, ಇದು ನನ್ನದೇ ದಡ್ಡತನದ ಕಥೆ. 1984–85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೊ ಎಂಬ ಕಂಪ್ಯೂಟರ್ ಕೊಟ್ಟಿತ್ತು. ಅಂಥದ್ದೊಂದು ನನ್ನ ಕೈಗೆ ಗುಜರಿಯಿಂದ ಬಂತು. ಸಂಭ್ರಮಕ್ಕೆ ಹಿಂದುಮುಂದು ನೋಡದೆ ಪ್ಲಗ್ ಸಿಕ್ಕಿಸಿದೆ. ಪರದೆಯ ಮೇಲೆ ಅಕ್ಷರವೂ ಬಂತು, ಹತ್ತು ನಿಮಿಷಕ್ಕೆ ಹಿಂದಿನಿಂದ ಹೊಗೆಯೂ ಬಂತು. ತಯಾರಿಸಿದವರ ತಪ್ಪಲ್ಲ. ಪವರ್ ಸಪ್ಲೈಯಲ್ಲಿರುವ ಕಾಗದದ ಕೆಪಾಸಿಟರ್ ಅಷ್ಟೊಂದು ಮಳೆಗಾಲಗಳ ತೇವ ಕುಡಿದು ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಿದ ಮೇಲೆ ಯಂತ್ರ ಇವತ್ತಿಗೂ ನಡೆಯುತ್ತಿದೆ, ಆದರೆ ಮನೆಯಲ್ಲಿ ಮೂರು ದಿನ ನಾತ, ನಮ್ಮ ಮನೆಯವರು ಮೂರು ದಿನ ಮೌನ. ಅಟ್ಟದಿಂದ ಇಳಿಸಿದ ಯಾವ ಯಂತ್ರಕ್ಕೂ "ನಡೆಯುತ್ತದೋ ನೋಡೋಣ" ಎಂದು ಕರೆಂಟ್ ಕೊಡಬೇಡಿ. ಮೊದಲು ಗೊತ್ತಿದ್ದವರಿಂದ ಬಿಚ್ಚಿಸಿ ನೋಡಿಸಿ. ಟಿ.ವಿ.ಯನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ. ಕಲರ್ ಟ್ಯೂಬಿನ ಮೇಲೆ ಇಪ್ಪತ್ತು ಸಾವಿರ ವೋಲ್ಟ್‌ಗೂ ಮೀರಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಆ ಹೊಡೆತ ಒಳಗೆ ಕುಳಿತಿರುತ್ತದೆ. ನನ್ನ ಎಡಗೈ ಹೆಬ್ಬೆರಳಿಗೆ ಅದರ ನೆನಪು ಚೆನ್ನಾಗಿದೆ.

ಟಿ.ವಿ.ಯ ಹೊಟ್ಟೆ ಬಗೆದು ಮೀನಿನ ತೊಟ್ಟಿ ಮಾಡುವವರ ಬಗ್ಗೆಯೂ ಎರಡು ಮಾತು ಬರೆಯಬೇಕೆಂದಿದ್ದೆ. ಬೇಡ, ಸಂಪಾದಕರು ಅಚ್ಚು ಹಾಕಲಾರರು.

ನಮ್ಮೂರಿಗೆ ಟಿ.ವಿ. ಹೊಸದಲ್ಲ. ಉಪಗ್ರಹಗಳನ್ನು ಹಿಡಿತದಲ್ಲಿಡುವ ಇಸ್ರೋ ಕೇಂದ್ರ 1982ರಿಂದ ಇಲ್ಲೇ ಇದೆ. ಆ ಊರಿನಲ್ಲೇ ಕುಳಿತು ನಾವು ಹೆಂಚು ಹತ್ತಿ ಆಂಟೆನಾ ತಿರುಗಿಸಿದವರು. ಕೆಲವು ಮನೆಗಳಲ್ಲಿ ಹಳೆಯ ಸೆಟ್ ಈಗಲೂ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಪುಡಿ ಮಾಡುವವರಿಗಷ್ಟೇ ಅಲ್ಲ, ದುರಸ್ತಿ ಮಾಡಿ ಮತ್ತೆ ಬಳಕೆಗೆ ಕೊಡುವವರಿಗೂ ಸ್ಥಾನವಿದೆ. ಹಾಗಾಗಿ ಮುಂದಿನ ಅಭಿಯಾನದ ಸ್ಥಳದಲ್ಲಿ ಒಂದು ಮೇಜು, ಒಂದು ಪ್ಲಗ್ ಪಾಯಿಂಟ್, ಒಬ್ಬ ಹಳೆಯ ಮೆಕ್ಯಾನಿಕ್ ಇರಲಿ. ಪರೀಕ್ಷಿಸಿ ನೋಡಲು ಒಂದು ಸೆಟ್ಟಿಗೆ ಐದು ನಿಮಿಷ ಸಾಕು. ನನ್ನನ್ನು ಕರೆದರೆ ದುಡ್ಡು ಕೇಳದೆ ಬರುತ್ತೇನೆ, ಕಾಫಿ ಮಾತ್ರ ಕೊಡಿಸಬೇಕು. ನಿಮ್ಮ ಪತ್ರಿಕೆಯೂ ಅಭಿಯಾನದ ಸುದ್ದಿಯ ಕೊನೆಯಲ್ಲಿ "ನಡೆಯುವ ಟಿ.ವಿ.ಗಳನ್ನು ಬೇರೆ ಇಡಿ, ಹಿಂಬದಿ ಬಿಚ್ಚಬೇಡಿ" ಎಂದು ಒಂದು ಸಾಲು ಸೇರಿಸಬೇಕು.

ಆ ಟ್ರೈಲರ್ ಇನ್ನೂ ಊರು ಬಿಟ್ಟಿಲ್ಲವಾದರೆ ಸಂಘಟಕರಲ್ಲಿ ಒಂದು ವಿನಂತಿ. ಚಿತ್ರದಲ್ಲಿ ಮೇಲಿನಿಂದ ಎರಡನೇ ಸಾಲು, ಎಡತುದಿ, ಕಪ್ಪು ಬಣ್ಣದ 14 ಇಂಚಿನ ಸೆಟ್. ಅದರ ಹಿಂಬದಿಯ ಮುಚ್ಚಳ ಗಟ್ಟಿಯಾಗಿರುವಂತೆ ಕಾಣುತ್ತದೆ. ಗುಜರಿಯ ದರಕ್ಕೆ ಇನ್ನೂರು ರೂಪಾಯಿ ಸೇರಿಸಿ ಕೊಟ್ಟು ಒಯ್ಯುತ್ತೇನೆ, ಆಟೊ ನನ್ನದೇ.

ಇತಿ,
ನಿವೃತ್ತ ಟಿ.ವಿ. ಮೆಕ್ಯಾನಿಕ್,
ಸಂತೆಪೇಟೆ, ಹಾಸನ