ಮನಸ್ಸಿಲ್ಲದ ದಿನವೂ ಬಿಲ್ ಹೋಗಬೇಕು

ಸಂಪಾದಕರಿಗೆ,

ಮಾನ್ಯರೇ,

ಸ್ವಂತ ಉದ್ದಿಮೆ ನಡೆಸುವವರಿಗೆಂದು ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಹೆಚ್ಚಿನವು ಹುರುಪಿನ ಸುತ್ತಲೇ ಸುತ್ತುತ್ತವೆ. ದೊಡ್ಡ ಗುರಿ ಇಟ್ಟುಕೊಳ್ಳಿ, ನಸುಕಿಗೆ ಏಳಿ, ಗೆದ್ದವರ ಕಥೆ ಓದಿ ಎನ್ನುತ್ತವೆ. ಹುರುಪು ಇದ್ದವರಿಗೆ ಈ ಮಾತು ಬೇಕಿಲ್ಲ, ಇಲ್ಲದವರಿಗೆ ಇದನ್ನು ಓದಿ ಹುರುಪು ಬರುವುದೂ ಇಲ್ಲ. ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡಿಕೊಳ್ಳುವವರಿಗೆ ಕಾಣುವ ಚಿತ್ರ ಬೇರೆ. ಮಾಲೀಕರ ಮನಸ್ಸು ಕುಗ್ಗಿದ ವಾರಗಳಲ್ಲಿ ಪೆಟ್ಟು ಬೀಳುವುದು ಮೂರು ನಾಲ್ಕು ಸಣ್ಣ ಕೆಲಸ ನಿಂತದ್ದರಿಂದ. ಹೊಸ ಯೋಜನೆ, ವಿಸ್ತರಣೆ, ಜಾಹೀರಾತು ಹದಿನೈದು ದಿನ ತಡವಾದರೆ ಯಾರೂ ಮುಳುಗುವುದಿಲ್ಲ.

ಆ ಸಣ್ಣ ಕೆಲಸಗಳು ಯಾವುವು ಎಂದು ಗುರುತಿಸಲು ಒಂದು ಪ್ರಶ್ನೆ ಸಾಕು: ಇದನ್ನು ಒಂದು ವಾರ ಮುಟ್ಟದೆ ಬಿಟ್ಟರೆ ಹಣ ಬರುವುದು ನಿಲ್ಲುತ್ತದೆಯೇ, ಕೊಟ್ಟ ಮಾತು ತಪ್ಪುತ್ತದೆಯೇ, ತೆರಿಗೆಯದ್ದೋ ಸಂಬಳದ್ದೋ ಗಡುವು ಮೀರುತ್ತದೆಯೇ? ಮೂರಕ್ಕೂ ಇಲ್ಲ ಎಂದಾದರೆ ಅದು ಕಾಯಬಲ್ಲ ಕೆಲಸ. ಹೀಗೆ ಸೋಸಿದರೆ ಬಹುತೇಕ ಉದ್ದಿಮೆಗಳಲ್ಲಿ ಉಳಿಯುವುದು ನಾಲ್ಕು: ಮುಗಿದ ಕೆಲಸಕ್ಕೆ ಬಿಲ್ ಕಳಿಸುವುದು, ಬಾಕಿ ಕೇಳುವುದು, ತಮ್ಮ ಒಪ್ಪಿಗೆಗಾಗಿ ಕಾಯುತ್ತಿರುವವರಿಗೆ ಉತ್ತರ ಕೊಡುವುದು, ಗಡುವು ತಪ್ಪುವ ಹಾಗಿದ್ದರೆ ಸಂಬಂಧಪಟ್ಟವರಿಗೆ ಮುಂಚೆಯೇ ತಿಳಿಸುವುದು. ಇಷ್ಟಕ್ಕೆ ದಿನಕ್ಕೆ ಒಂದೂವರೆ ಗಂಟೆ ಸಾಕು. ಪಟ್ಟಿ ಹತ್ತಕ್ಕೆ ಬೆಳೆದರೆ ಅದು ಮತ್ತೆ ಮಾಮೂಲಿ ದಿನದ ಪಟ್ಟಿಯೇ ಆಗುತ್ತದೆ. ಕುಗ್ಗಿದ ಮನಸ್ಸು ಅದನ್ನು ನೋಡಿದೊಡನೆ ಪಕ್ಕಕ್ಕೆ ಸರಿಸುತ್ತದೆ.

ಬಿಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 30 ದಿನದ ಸಾಲದ ಮೇಲೆ ಮಾರುವವರು ಬಿಲ್ ಕಳಿಸಲು 10 ದಿನ ತಡ ಮಾಡಿದರೆ ಹಣ ಬರುವುದು ಬೇಗ ಎಂದರೂ 40ನೇ ದಿನ. ಗ್ರಾಹಕರ ಕಡೆಯಿಂದ ಏನೂ ತಪ್ಪಿರುವುದಿಲ್ಲ. ಇದಕ್ಕಿಂತ ಕೆಟ್ಟದ್ದು, ಅವಸರದಲ್ಲಿ ಅರ್ಧಂಬರ್ಧ ಬಿಲ್ ಕಳಿಸುವುದು. ಪರ್ಚೇಸ್ ಆರ್ಡರ್ (ಗ್ರಾಹಕರು ಕೊಟ್ಟ ಖರೀದಿ ಆದೇಶ) ಸಂಖ್ಯೆ ಇಲ್ಲದಿದ್ದರೆ, ಕಂಪನಿಯ ಹೆಸರು ನೋಂದಣಿಯಲ್ಲಿರುವ ಹಾಗೆ ಇಲ್ಲದಿದ್ದರೆ, ಸರಕು ತಲುಪಿದ್ದಕ್ಕೆ ಸಹಿ ಇಲ್ಲದಿದ್ದರೆ ದೊಡ್ಡ ಸಂಸ್ಥೆಗಳ ಲೆಕ್ಕ ವಿಭಾಗ ಅದನ್ನು ತಿರುಗಿಸಿ ಕಳಿಸುವ ಗೋಜಿಗೂ ಹೋಗುವುದಿಲ್ಲ, ಸುಮ್ಮನೆ ಬದಿಗಿಡುತ್ತದೆ. ಗಡುವು ಮುಗಿದ ಮೇಲೆ ಫೋನ್ ಮಾಡಿದಾಗಲೇ ಸಂಗತಿ ಗೊತ್ತಾಗುವುದು. ಆದ್ದರಿಂದ ಬಿಲ್ಲಿನ ನಮೂನೆಯನ್ನು ಒಮ್ಮೆ ಸರಿಯಾಗಿ ಮಾಡಿಟ್ಟುಕೊಳ್ಳಬೇಕು. ಪಾವತಿಯ ಜಾಗದಲ್ಲಿ ‘30 ದಿನದೊಳಗೆ’ ಎಂದು ಬರೆಯುವ ಬದಲು ತಾರೀಖನ್ನೇ ಹಾಕಿ. 30 ದಿನ ಎಂದರೆ ಬಿಲ್ಲಿನ ದಿನದಿಂದಲೋ, ಅವರ ಕೈ ಸೇರಿದ ದಿನದಿಂದಲೋ, ತಿಂಗಳ ಕೊನೆಯಿಂದಲೋ ಎಂಬ ಜಗ್ಗಾಟಕ್ಕೆ ಆಗ ಎಡೆಯಿರುವುದಿಲ್ಲ.

ಬಾಕಿ ಕೇಳುವ ಕೆಲಸ ಯಾರಿಗೂ ಇಷ್ಟವಿಲ್ಲ, ಮನಸ್ಸು ಸರಿಯಿಲ್ಲದ ದಿನವಂತೂ ಮೊದಲು ಕೈಬಿಡುವುದು ಇದನ್ನೇ. ಬಾಕಿಗಳನ್ನು ಗಡುವು ಮೀರಿ 1ರಿಂದ 30 ದಿನ, 31ರಿಂದ 60, 61ರಿಂದ 90, ಅದಕ್ಕೂ ಹಳೆಯದು ಎಂದು ನಾಲ್ಕು ಗುಂಪು ಮಾಡುವುದು ಲೆಕ್ಕಿಗರ ರೂಢಿ. ಹಳೆಯ ಬಾಕಿಯಿಂದಲೇ ಶುರು ಮಾಡಿ ಎಂದು ಕೆಲವರು ಹೇಳುತ್ತಾರೆ. ಹುರುಪಿನ ದಿನಕ್ಕೆ ಆ ಮಾತು ಸರಿ. ಹುರುಪಿಲ್ಲದ ದಿನ ಮೊದಲ ಗುಂಪಿನ ಮೂರು ದೊಡ್ಡ ಮೊತ್ತಗಳನ್ನು ಹಿಡಿಯುವುದು ಮೇಲು. ಅಲ್ಲಿ ಸಂಬಂಧ ಇನ್ನೂ ಕೆಟ್ಟಿಲ್ಲ, ಜಗಳವಿಲ್ಲ, ಬಹಳ ಸಲ ಮರೆವು ಮಾತ್ರ ಇರುತ್ತದೆ. ಫೋನಿನಲ್ಲಿ ಬಿಲ್ ಸಂಖ್ಯೆ, ಮೊತ್ತ, ಗಡುವಿನ ತಾರೀಖು ಹೇಳಿ, “ಯಾವ ತಾರೀಖಿಗೆ ಹಾಕುತ್ತೀರಿ?” ಎಂದು ಕೇಳಿ ಸುಮ್ಮನಾಗಬೇಕು. ಆ ಮೌನವನ್ನು ತಾವೇ ತುಂಬಲು ಹೋಗಿ “ಪರವಾಗಿಲ್ಲ, ನಿಮಗೆ ಅನುಕೂಲವಾದಾಗ ಕೊಡಿ” ಎಂದುಬಿಟ್ಟರೆ ಅಲ್ಲಿಗೆ ಕರೆ ವ್ಯರ್ಥ. ಅವರು ಹೇಳಿದ ತಾರೀಖನ್ನು ಫೋನ್ ಇಟ್ಟ ಕೂಡಲೇ ಸಂದೇಶದಲ್ಲಿ ಅವರಿಗೇ ಬರೆದು ಕಳಿಸಿ, ಅದೇ ತಾರೀಖನ್ನು ತಮ್ಮ ಕ್ಯಾಲೆಂಡರಿನಲ್ಲೂ ಗುರುತಿಸಿಕೊಳ್ಳಬೇಕು. ಗಡುವಿಗೆ ಮೂರು ದಿನ ಮೊದಲೇ “ಬಿಲ್ ತಲುಪಿದೆಯೇ, ಅದರಲ್ಲಿ ತಕರಾರೇನಾದರೂ ಇದೆಯೇ?” ಎಂದು ವಿಚಾರಿಸುವ ಅಭ್ಯಾಸ ಇಟ್ಟುಕೊಂಡವರಿಗೆ ಈ ಕರೆಗಳೇ ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಮಾಲೀಕರ ಜಡತ್ವ ಅವರೊಬ್ಬರದ್ದಾಗಿ ಉಳಿಯುವುದಿಲ್ಲ. ಕೊಟೇಶನ್ ಒಪ್ಪಿಗೆಯಾಗಬೇಕು, ಸಾಮಗ್ರಿ ತರಿಸಬೇಕು, ರಜೆ ಮಂಜೂರಾಗಬೇಕು. ನಾಲ್ಕು ಜನ ಕೈಕಟ್ಟಿ ಕೂರುತ್ತಾರೆ. ಇದಕ್ಕೆ ಒಂದು ಹಾಳೆ ಸಾಕು. ತೀರ್ಮಾನ ಬೇಕಾದವರು ಅದರಲ್ಲಿ ವಿಷಯ, ಖರ್ಚು, ಯಾವಾಗಿನೊಳಗೆ ಬೇಕು, ತಮ್ಮ ಸಲಹೆ ಏನು ಎಂದು ಒಂದೊಂದು ಸಾಲು ಬರೆದಿಡಬೇಕು. ಮಾಲೀಕರು ದಿನಕ್ಕೊಮ್ಮೆ ಕಾಲು ಗಂಟೆ ಕೂತು ಪ್ರತಿ ಸಾಲಿನ ಮುಂದೆ ‘ಸರಿ’, ‘ಬೇಡ’, ಇಲ್ಲವೇ ಒಂದು ತಾರೀಖು, ಈ ಮೂರರಲ್ಲಿ ಒಂದನ್ನು ಬರೆಯಬೇಕು. ‘ನೋಡೋಣ’ ಎಂಬುದಕ್ಕೆ ಜಾಗ ಕೊಡಬಾರದು. ಇದರ ಜೊತೆಗೆ, ಇಂತಿಷ್ಟು ಮೊತ್ತದವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಿ ಆಮೇಲೆ ತಿಳಿಸಬಹುದು ಎಂಬ ಮಿತಿಯೊಂದನ್ನು ನಂಬಿಕೆಯ ಸಿಬ್ಬಂದಿಗೆ ಬರೆದು ಕೊಟ್ಟರೆ ಹಾಳೆಯ ಅರ್ಧ ಸಾಲುಗಳು ಇಳಿದುಹೋಗುತ್ತವೆ. ‘ಆಳು ಮಾಡಿದ್ದು ಹಾಳು’ ಎಂಬ ಗಾದೆಯನ್ನು ನಂಬಿ ಕೂತವರು ಈ ಮಿತಿ ಕೊಡಲು ಒಪ್ಪುವುದಿಲ್ಲ. ಅಂಥವರ ಉದ್ದಿಮೆ ಅವರ ಮನಸ್ಸಿನ ಏರಿಳಿತದ ಜೊತೆಗೇ ಏರಿಳಿಯುತ್ತದೆ.

ಮನಸ್ಸು ಕುಗ್ಗಲು ಹಣದ ಚಿಂತೆಯೇ ಕಾರಣವಾಗಿರುವುದು ಎಷ್ಟೋ ಸಲ. ಆದರೆ ಚಿಂತೆ ಇದ್ದಾಗಲೇ ಜನ ಲೆಕ್ಕ ನೋಡುವುದನ್ನು ಬಿಡುತ್ತಾರೆ. ಷೇರುಪೇಟೆ ಇಳಿದಾಗ ಹೂಡಿಕೆದಾರರು ತಮ್ಮ ಖಾತೆ ತೆರೆದು ನೋಡುವುದೇ ಕಡಿಮೆಯಾಗುತ್ತದೆ ಎಂದು ಕಾರ್ಲ್‌ಸನ್, ಲೋವೆನ್‌ಸ್ಟೈನ್ ಮತ್ತು ಸೆಪ್ಪಿ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ತೋರಿಸಿದ್ದರು. ಉದ್ದಿಮೆದಾರರು ಬ್ಯಾಂಕ್ ಖಾತೆ ತೆರೆಯದಿರುವುದೂ ಇದೇ ಜಾತಿಯದ್ದು. ಮುಂದಿನ 13 ವಾರಗಳ, ಅಂದರೆ ಒಂದು ತ್ರೈಮಾಸಿಕದ, ಹಣದ ಹಾಳೆ ಇದಕ್ಕೆ ಒಳ್ಳೆಯ ಮದ್ದು. ವಾರಕ್ಕೊಂದು ಕಂಬ ಸಾಲು. ಮೇಲೆ ಆರಂಭದ ಶಿಲ್ಕು (ಕೈಯಲ್ಲಿರುವ ಹಣ), ಅದರ ಕೆಳಗೆ ಆ ವಾರ ಬರುವ ಹಣ, ಅದರ ಕೆಳಗೆ ಕೊಡಬೇಕಾದ ಸಂಬಳ, ಬಾಡಿಗೆ, ತೆರಿಗೆ, ಸಾಲದ ಕಂತು, ಸಾಮಗ್ರಿ, ಕೊನೆಗೆ ವಾರಾಂತ್ಯದ ಶಿಲ್ಕು. ಅದೇ ಮುಂದಿನ ವಾರದ ಆರಂಭದ ಶಿಲ್ಕು. ಎಲ್ಲರೂ ಎಡವುವ ಜಾಗ ಒಂದಿದೆ. ಬರುವ ಹಣವನ್ನು ಬಿಲ್ ಮಾಡಿದ ವಾರದಲ್ಲಿ, ಇಲ್ಲವೇ ಗಡುವಿನ ವಾರದಲ್ಲಿ ಬರೆದುಬಿಡುತ್ತಾರೆ. ಆ ಗ್ರಾಹಕ ಹಿಂದಿನ ಬಿಲ್‌ಗಳನ್ನು ನಿಜವಾಗಿ ಎಷ್ಟು ದಿನಕ್ಕೆ ತೀರಿಸಿದ್ದಾನೋ ಅಷ್ಟು ದಿನಕ್ಕೆ ಬರೆಯಬೇಕು. ವರ್ಷಕ್ಕೊಮ್ಮೆ ಬರುವ ವಿಮೆ, ಪರವಾನಗಿ ನವೀಕರಣದಂಥ ಖರ್ಚುಗಳೂ ಮರೆತುಹೋಗುತ್ತವೆ. ಹಾಳೆಯಲ್ಲಿ 6ನೇ ವಾರ ಶಿಲ್ಕು ಸೊನ್ನೆಗಿಂತ ಕೆಳಗೆ ಹೋಗುತ್ತದೆ ಎಂದು ಕಂಡರೆ ಗಾಬರಿಪಡಬೇಕಿಲ್ಲ. ಸರಬರಾಜುದಾರರ ಜೊತೆ ಕಂತಿನ ಮಾತಾಡಲು, ಬ್ಯಾಂಕಿಗೆ ಹೋಗಲು ಐದು ವಾರ ಕೈಯಲ್ಲಿದೆ. ಗೊತ್ತಿಲ್ಲದ ಭಯಕ್ಕಿಂತ ಕಾಗದದ ಮೇಲಿನ ಕೊರತೆ ಕಡಿಮೆ ಕಾಡುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಇದನ್ನು ತಿದ್ದಿದರೆ ಸಾಕು. ದಿನಕ್ಕೆ ಹತ್ತು ಸಲ ಖಾತೆ ತೆರೆಯುವುದು ಇನ್ನೊಂದು ಬಗೆಯ ಕಾಯಿಲೆ.

ಇಷ್ಟೆಲ್ಲ ಗೊತ್ತಿದ್ದೂ ಕುರ್ಚಿಯಲ್ಲಿ ಕೂತವರಿಗೆ ಕೈ ಓಡದಿದ್ದರೆ? ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ತೋರಿಸಿದ ಸಂಗತಿ ಇಲ್ಲಿ ಒದಗುತ್ತದೆ: ‘ಮಾಡುತ್ತೇನೆ’ ಎಂದುಕೊಳ್ಳುವುದಕ್ಕಿಂತ ‘ಇದು ಆದ ಕೂಡಲೇ ಅದನ್ನು ಮಾಡುತ್ತೇನೆ’ ಎಂದು ಗಂಟು ಹಾಕಿಕೊಂಡವರಲ್ಲಿ ಕೆಲಸ ಆಗುವುದು ಹೆಚ್ಚು. “ಬೆಳಿಗ್ಗೆ ಬಿಲ್ ಮಾಡಬೇಕು” ಎಂಬುದು ಗಂಟಲ್ಲ, ಬೆಳಿಗ್ಗೆ ಎಂದರೆ ಯಾವಾಗ ಬೇಕಾದರೂ ಆದೀತು. “ಕಂಪ್ಯೂಟರ್ ಹಾಕಿದ ಮೇಲೆ, ಮೇಲ್ ತೆರೆಯುವ ಮೊದಲು, ನಿನ್ನೆ ಮುಗಿದ ಕೆಲಸದ ಬಿಲ್” ಎಂಬುದು ಗಂಟು. ಒಂದೇ ಗುರುತಿಗೆ ಮೂರು ಕೆಲಸ ಕಟ್ಟಿದರೆ ಮೂರೂ ಜಾರುತ್ತವೆ. ಹಿಂದಿನ ಸಂಜೆಯೇ ಆ ಫೈಲನ್ನು ಮೇಜಿನ ಮೇಲೆ ತೆರೆದಿಟ್ಟು, ಮೊದಲ ಹೆಜ್ಜೆಯನ್ನು ಚೀಟಿಯಲ್ಲಿ ಬರೆದಿಟ್ಟು ಏಳಬೇಕು. ‘ತೆರಿಗೆ ಕೆಲಸ’ ಎಂದು ಬರೆದರೆ ಉಪಯೋಗವಿಲ್ಲ, ‘ಮಾರ್ಚ್ ತಿಂಗಳ ಖರೀದಿ ಬಿಲ್‌ಗಳನ್ನು ತಾರೀಖಿನಂತೆ ಜೋಡಿಸು’ ಎಂದು ಬರೆಯಬೇಕು.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿ ಈಗ ಎಲ್ಲರ ಬಾಯಲ್ಲಿದೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಕಂಡುಕೊಂಡದ್ದು ಅದು. ಬಿಲ್, ಫೈಲಿಂಗ್, ಬಾಕಿ ಕರೆಗಳಂಥ ಬೇಸರದ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ದೊಡ್ಡ ಕೊಟೇಶನ್ ಲೆಕ್ಕ ಹಾಕುವಾಗ ಮಾತ್ರ ಅದನ್ನು ಬಳಸದಿರುವುದು ಒಳ್ಳೆಯದು. ಅಂಕಿಗಳು ತಲೆಯಲ್ಲಿ ಕೂಡುವ ಹೊತ್ತಿಗೆ ಗಂಟೆ ಬಾರಿಸುತ್ತದೆ. ಇನ್ನು, ಕುಗ್ಗಿದ ದಿನಗಳಲ್ಲಿ ಕೆಲಸದ ವೇಷ ತೊಟ್ಟು ಬರುವ ಕೆಲಸಗಳಿವೆ: ಲೋಗೋ ಬದಲಿಸುವುದು, ಹೊಸ ಆ್ಯಪ್ ಹಾಕಿ ನೋಡುವುದು, ಮೇಲ್‌ಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುವುದು. ಸ್ಫೂರ್ತಿಯ ವಿಡಿಯೊಗಳೂ ಈ ಗುಂಪಿಗೇ ಸೇರಿದವು.

ಮನಸ್ಸಿಲ್ಲದ ದಿನ ಮಾಡಲೇಬಾರದ್ದೂ ಕೆಲವಿವೆ. ಬೆಲೆ ಇಳಿಸುವುದು ಅದರಲ್ಲಿ ಮೊದಲನೆಯದು, ಏಕೆಂದರೆ ಗ್ರಾಹಕರ ಜೊತೆ ವಾದ ಮಾಡಲು ತ್ರಾಣವಿಲ್ಲದಾಗ ಇಳಿಸಿಬಿಡುವುದೇ ಸುಲಭ ಅನಿಸುತ್ತದೆ. ಲೆಕ್ಕ ನೋಡಿ: 100ಕ್ಕೆ ಮಾರುವ ವಸ್ತುವಿನ ಅಸಲು 70 ಎಂದಿಟ್ಟುಕೊಂಡರೆ ಉಳಿಯುವುದು 30. ಬೆಲೆಯಲ್ಲಿ ಬರೀ ಶೇ 10 ಇಳಿಸಿದರೆ ಉಳಿಯುವುದು 20. ಮೊದಲಿನಷ್ಟೇ ಲಾಭ ಬರಬೇಕಾದರೆ ಶೇ 50 ಹೆಚ್ಚು ಮಾರಬೇಕು. ಸೋತು ಕೂತ ಮಧ್ಯಾಹ್ನ ಒಪ್ಪಿಕೊಂಡ ಆ ಶೇ 10, ಅದೇ ಗ್ರಾಹಕನ ಮುಂದಿನ ಎಲ್ಲ ಆರ್ಡರ್‌ಗಳಿಗೂ ಬೆಲೆಯಾಗಿ ನಿಲ್ಲುತ್ತದೆ. ಯಾರನ್ನಾದರೂ ಕೆಲಸದಿಂದ ತೆಗೆಯುವುದು, ಹೊಸ ಸಾಲಕ್ಕೆ ಸಹಿ ಹಾಕುವುದು, ರೇಗಿದ ಗ್ರಾಹಕರಿಗೆ ಖಾರವಾಗಿ ಬರೆಯುವುದು ಕೂಡ ಒಂದು ರಾತ್ರಿ ಕಳೆದ ಮೇಲೆಯೇ ಆಗಲಿ. ಆ ರಾತ್ರಿ ನಿದ್ದೆ ಮಾಡಿರಬೇಕು ಎಂಬುದನ್ನೂ ಸೇರಿಸಬೇಕು. 17ರಿಂದ 19 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ಕೆಲವು ಪರೀಕ್ಷೆಗಳಲ್ಲಿ, ರಕ್ತದಲ್ಲಿ ಶೇ 0.05 ಮದ್ಯವಿರುವವರ ಮಟ್ಟಕ್ಕೆ ಇಳಿದಿದ್ದನ್ನು 2000ದಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ.

ಮೇಲಿನ ನಮೂನೆ, ಹಾಳೆ, ಪಟ್ಟಿಗಳನ್ನೆಲ್ಲ ತಲೆ ಚುರುಕಾಗಿರುವ ದಿನವೇ ಬರೆದಿಡಬೇಕು. ಪಟ್ಟಿ ಹಿಡಿದು ಕೆಲಸ ಮಾಡುವುದು ಹೊಸಬರಿಗೆ ಎಂಬ ತಾತ್ಸಾರ ಅನುಭವಿ ಉದ್ದಿಮೆದಾರರಲ್ಲಿ ಬಹಳ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಮಾಡೆಲ್ 299 ವಿಮಾನ ಮೇಲೆದ್ದೊಡನೆ ಬಿತ್ತು. ನಡೆಸುತ್ತಿದ್ದವರು ನುರಿತ ಪರೀಕ್ಷಾ ಪೈಲಟ್. ಗಾಳಿಗೆ ಅಲುಗದಂತೆ ಹಿಂಬದಿಯ ರೆಕ್ಕೆಗಳಿಗೆ ಹಾಕಿದ್ದ ಬೀಗ ತೆಗೆಯುವುದು ಮರೆತುಹೋಗಿತ್ತು. ಪೈಲಟ್‌ಗಳ ಚೆಕ್‌ಲಿಸ್ಟ್ ಬಳಕೆಗೆ ಬಂದದ್ದು ಆ ಅಪಘಾತದ ನಂತರ.

ಕೊನೆಯದಾಗಿ, ಇದು ಯಾವುದೂ ಉಪಯೋಗಕ್ಕೆ ಬಾರದ ಸ್ಥಿತಿಯೂ ಒಂದಿದೆ. ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಹಸಿವು ಕೆಡುವುದು ಎರಡು ವಾರ ದಾಟಿದರೆ ಅದು ವ್ಯವಹಾರ ಸಲಹೆಯ ವಿಷಯವಲ್ಲ, ವೈದ್ಯರ ಬಳಿ ಹೋಗಬೇಕು. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ, ಅಂದೇ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಕಾಯಿಲೆ ಎಂದಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸೇರಿದೆ. ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ಕೈಲಾಗದೆಂಬ ಭಾವ ಅದರ ಮೂರು ಲಕ್ಷಣಗಳು. ಎರಡರಲ್ಲಿ ಯಾವುದೇ ಆಗಿರಲಿ, ಮಾಲೀಕರು ಕೆಲವು ವಾರ ದೂರ ಇರಬೇಕಾದೀತು. ಅದಕ್ಕೆ ಮುಂಚಿತವಾಗಿ ಬ್ಯಾಂಕಿನಲ್ಲಿ ಎರಡನೆಯ ಸಹಿದಾರರನ್ನು ನೇಮಿಸಿ ಅವರ ಪಾವತಿಗೆ ಮಿತಿ ಹಾಕಿಸಿರಬೇಕು. ಸಂಬಳ, ತೆರಿಗೆ, ಕಂತುಗಳ ತಾರೀಖುಗಳು ಒಂದೇ ಪುಟದಲ್ಲಿ ಇರಬೇಕು. ದೊಡ್ಡ ಐದು ಗ್ರಾಹಕರು, ಐದು ಸರಬರಾಜುದಾರರ ಜೊತೆ ಯಾರು ಮಾತಾಡಬೇಕೆಂದು ಗೊತ್ತುಮಾಡಿರಬೇಕು. ಬ್ಯಾಂಕಿನಲ್ಲಿ ಸಹಿದಾರರನ್ನು ಸೇರಿಸಲು ಮಾಲೀಕರ ಸಹಿ ಮತ್ತು ದಾಖಲೆಗಳು ಬೇಕಾಗುವುದರಿಂದ, ಹಾಸಿಗೆ ಹಿಡಿದ ಮೇಲೆ ಅದನ್ನು ಶುರು ಮಾಡಲು ಹೊರಟವರು ಆ ತಿಂಗಳ ಸಂಬಳವನ್ನೇ ತಡ ಮಾಡುತ್ತಾರೆ.

ಇತಿ,
ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡುವ ಓದುಗರು